ಕಿವಿಯ ಹತ್ತಿರ ಅಲ್ಲಾಡಿಸುವವಳು

ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಾಗ ತಂಗಿಯ ಫೋನ್ ಬಂತು. ಎಂ.ಎ. ಅರ್ಧಕ್ಕೆ ಬಿಟ್ಟಿದ್ದ ನನ್ನ ಹಾಸ್ಟೆಲ್ ಗೆಳತಿ, ತಿಪಟೂರಿನಲ್ಲಿ ಎಣ್ಣೆ ಗಾಣ ನಡೆಸುತ್ತಲೇ ಈಗ ಪಾಸಾದಳಂತೆ.

ಕೊಬ್ಬರಿ ವ್ಯಾಪಾರದ ಮನೆಯವಳು; ಅಟ್ಟದಲ್ಲಿಟ್ಟ ಕಾಯಿಯ ನೀರಿಂಗಿ ಕೊಬ್ಬರಿಯಾದರೆ ಒಳಗೆ ಗಡಗಡ ಅನ್ನುತ್ತದೆ. ಬೆಂಕಿಪೊಟ್ಟಣ ಕೊಟ್ಟರೂ ಕಿವಿಯ ಹತ್ತಿರ ಅಲ್ಲಾಡಿಸಿ, "ಒಳಗೆ ಸದ್ದಾದ್ರೆ ಕೊಬ್ಬರಿ ಕಣೇ" ಅನ್ನುವಳು.

ಗಾಣ ಹಾಕುತ್ತೇನೆಂದು ಅವಳು ಪೆಟ್ಟಿಗೆ ಕಟ್ಟಿದ ದಿನ ನಾನೆಂದೆ: "ಪರೀಕ್ಷೆ ಮುಗಿಸ್ಕೊಂಡು ಹೋಗೇ. ಅಟ್ಟದ ಕಾಯಿ ಒಣಗೋಕೆ ಮುಂಚೆ ಯಾರಾದ್ರೂ ಒಡೀತಾರಾ?"

ಅವಳು ನನ್ನ ತಲೆಯನ್ನೇ ಹಿಡಿದು ಅಲ್ಲಾಡಿಸಿದಳು. "ನಿನ್ನೊಳಗಿನ್ನೂ ನೀರೈತೆ, ಬುಡು. ನಂದು ಒಣಗಿ ಗಡಗಡ ಅಂತೈತೆ!" ಎಂದು ನಕ್ಕಳು. ಬಸ್ ಹತ್ತುವಾಗ ಕಣ್ಣು ತುಂಬಿದ್ದು ಮಾತ್ರ ಅವಳದೇ.

ಈಗ ಪಾಸಾದಳೆಂದರೆ, ನನ್ನ ಮಾತು ಅವಳ ಕಿವಿಯಲ್ಲಿ ಉಳಿದಿತ್ತು. ಅಷ್ಟು ಕೊಟ್ಟನಲ್ಲ ದೇವರು, ಸಾಕು.

ಚಟ್ನಿಗೆಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ. ನೀರು ತುಳುಕಿತು. ಒಡೆಯಲು ಮಚ್ಚು ಹುಡುಕಿದೆ.