ಕಾಕಾ ಓದಿದ ಪುರಾಣ

ಯುದ್ಧದ ದಿನಗಳಲ್ಲಿ ನಾನು ಕೊಲ್ಹಾಪುರದ ಒಂದು ಪುಸ್ತಕದಂಗಡಿಯ ಹಿಂದಿದ್ದ ಛಾಪಖಾನೆಯಲ್ಲಿ ಪ್ರೂಫ್ ತಿದ್ದುತ್ತಿದ್ದೆ. ಊರು ಗಡಹಿಂಗ್ಲಜ, ವಯಸ್ಸು ಇಪ್ಪತ್ತೆಂಟು, ಸಿಟ್ಟು ಮೂಗಿನ ತುದಿಯಲ್ಲಿ. ಅಲ್ಲಿ ಅಚ್ಚಾಗುತ್ತಿದ್ದುದು ಹೆಚ್ಚಾಗಿ ಮರಾಠಿ ಶಾಲೆಯ ಪುಸ್ತಕಗಳು. ಒಮ್ಮೆ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಒಂದು ಹಳೆಯ ಜೈನ ಪುರಾಣದ ಕನ್ನಡ ಹಸ್ತಪ್ರತಿ ತಂದರು. ಬಸದಿಗಳಲ್ಲಿ ಬಾಯಿಪಾಠವಾಗಿ ಹೇಳುವುದಕ್ಕೂ ಇದಕ್ಕೂ ಅಲ್ಲಲ್ಲಿ ವ್ಯತ್ಯಾಸವಿದೆ, ಪ್ರತಿಯಲ್ಲಿದ್ದಂತೆಯೇ ಅಚ್ಚಾಗಬೇಕು ಎಂಬುದು ಅವರ ಹಟ.

ಪ್ರತಿಯನ್ನು ಗಟ್ಟಿಯಾಗಿ ಓದಲು ಯಡ್ರಾವದಿಂದ ಒಬ್ಬ ಹಿರಿಯರನ್ನು ಕರೆಸಿದರು. ಚಾತುರ್ಮಾಸದಲ್ಲಿ ಬಸದಿಯಲ್ಲಿ ಅದೇ ಪುರಾಣ ಹೇಳಿ ಹೇಳಿ ಹೆಸರಾದವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ಓದುವುದು, ನಾನು ಪ್ರೂಫಿನ ಮೇಲೆ ಬೆರಳಿಟ್ಟು ಹೊಂದಿಸುವುದು. ಅವರಿಗೆ ಹಾಳೆ ತಿರುವಿ ಕೊಡುವವನೂ ನಾನೇ.

ರಾಗವಿಲ್ಲದೆ ಒಂದು ಸಾಲನ್ನೂ ಅವರು ಓದುತ್ತಿರಲಿಲ್ಲ. "ಕಾಕಾ, ಇದು ಛಾಪಖಾನಿ ರೀ, ಬಸದಿ ಅಲ್ಲ" ಎಂದು ಕೆಣಕಿದರೆ, "ರಾಗ ಬಿಟ್ಟರ ಮಾತು ಮುಂದ ಹೋಗಂಗಿಲ್ಲ, ತಮ್ಮಾ" ಎನ್ನುತ್ತಿದ್ದರು. ಅವರು ಓದಿದ್ದಕ್ಕೆ ಹೊಂದದ ಕಡೆಯೆಲ್ಲ ನಾನು ಪ್ರೂಫ್ ತಿದ್ದಿ, ಅಚ್ಚಿನ ಮೊಳೆ ಜೋಡಿಸುವವರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಕೈತಪ್ಪಿ ಎರಡು ಹಾಳೆ ಒಟ್ಟಿಗೆ ತಿರುವಿಬಿಟ್ಟೆ. ಕಾಕಾ ಒಂದಿಷ್ಟೂ ತಡವರಿಸದೆ, ನಡುವೆ ಬಿಟ್ಟುಹೋದ ಹಾಳೆಯಲ್ಲಿದ್ದುದನ್ನೇ ಓದುತ್ತ ಹೋದರು. ಅವರ ಮುಂದೆ ತೆರೆದಿದ್ದ ಹಾಳೆಯಲ್ಲಿ ಬೇರೆ ಸಂಧಿಯೇ ಶುರುವಾಗಿತ್ತು.

"ಕಾಕಾ, ಅಕ್ಷರ ಕಾಣಸ್ತಾವೇನ್ರಿ?"

ಅವರು ಹಸ್ತಪ್ರತಿ ಮುಚ್ಚಿದರು. "ಮಂದಿ ಕಾಣತಾರ. ಹೋದ ದೀಪಾವಳಿಯಿಂದ ಅಕ್ಷರ ಕಾಣವಲ್ವು. ಪುರಾಣ ಬಾಯಾಗ ಐತೆಲ್ಲ ಅಂತ ಬಂದ್ನಿ. ಯಾರಿಗೂ ಹೇಳಬ್ಯಾಡ. ಪ್ರಾಧ್ಯಾಪಕ್ರು ಪ್ರಸ್ತಾವನೆದಾಗ ಹೆಸರು ಹಾಕತೇನಿ ಅಂದಾರ. ಇಷ್ಟು ವರ್ಷ ಹೇಳೇನಿ, ಒಮ್ಮೆರ ಅಚ್ಚಿನಾಗ ನನ್ನ ಹೆಸರು ಬರಲಿ."

ಅವರ ಆಸೆ ನನಗೆ ಅರ್ಥವಾಗಲಿಲ್ಲ ಎಂದಲ್ಲ. ಆದರೆ ನನ್ನಿಂದ ಬೈಸಿಕೊಂಡ ಮೊಳೆ ಜೋಡಿಸುವವರದೇ ಸರಿ, ಕಾಕಾನ ಬಾಯಿಪಾಠ ನಂಬಿ ನಾನು ತಿದ್ದಿದ್ದೇ ತಪ್ಪು ಎಂಬುದು ತಲೆಗೇರಿತು. ಸಂಜೆಯೇ ಪ್ರಾಧ್ಯಾಪಕರ ಮನೆಗೆ ಹೋಗಿ ಹೇಳಿಬಿಟ್ಟೆ. ಅವರು ಕೂಗಾಡಲಿಲ್ಲ. ಮರುದಿನ ಕಾಕಾನಿಗೆ ಶಾಲು ಹೊದಿಸಿ, ವಿಶ್ರಾಂತಿ ತೆಗೆದುಕೊಳ್ಳಿ ಎಂದು ಊರಿಗೆ ಕಳಿಸಿದರು. ಮೊದಲ ಪುಟದಿಂದ ಎಲ್ಲವನ್ನೂ ಮತ್ತೆ ನಾನೇ ಹೊಂದಿಸಿದೆ. ರಾಗವಿಲ್ಲದ ಆ ಕೆಲಸ ಭಣಭಣ ಎನ್ನುತ್ತಿತ್ತು.

ಪುಸ್ತಕ ಹೊರಬಂದ ವಾರ ಒಂದು ಪ್ರತಿ ಹಿಡಿದು ಯಡ್ರಾವಕ್ಕೆ ಹೋದೆ. ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಕಣ್ಣು ಇನ್ನಷ್ಟು ಮಂಜಾಗಿತ್ತು, ಧ್ವನಿಯಿಂದಲೇ ನನ್ನ ಗುರುತು ಹಿಡಿದರು. ಬೈಯಲಿಲ್ಲ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, "ನನ್ನ ಹೆಸರು ಎಲ್ಲಿ ಹಾಕ್ಯಾರ, ತೋರ್ಸು" ಎಂದರು.

ಪ್ರಸ್ತಾವನೆಯ ಕೊನೆಯಲ್ಲಿ ಪ್ರಾಧ್ಯಾಪಕರು ಉಪಕಾರ ನೆನೆದ ಹೆಸರು ಒಂದೇ. ಅದು ನನ್ನದು. ಕಾಕಾನ ಬೆರಳು ಹಿಡಿದು ಅದರ ಮೇಲಿಟ್ಟು, "ಇಲ್ಲೈತ್ರಿ, ಕಾಕಾ" ಎಂದೆ.

ಅವರು ಆ ಸಾಲನ್ನು ಸವರಿ, ಸೊಸೆಯನ್ನು ಕರೆದರು. "ಬಾರವ್ವ ಇಲ್ಲೆ, ಏನು ಬರದಾರ ಓದು."

ಆಕೆ ಸೆರಗು ಸರಿಮಾಡಿಕೊಂಡು ಬಗ್ಗಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಸೊಸೆಯಾದವಳು ಮಾವನ ಹೆಸರು ಬಾಯಿಂದ ಆಡದ ಮನೆತನ ಅದು. ಆಕೆ ನನ್ನ ಹೆಸರಿನ ಮೇಲೆ ಬೆರಳಿಟ್ಟು, ಗಟ್ಟಿಯಾಗಿ, ಮಾವನ ಹೆಸರನ್ನು ಓದಿದಳು.