ಹೊಟ್ಟೆ ಬಂದ ಗೋಡೆ

ಪಕ್ಕದ ಮನೆಗೆ ಬಣ್ಣ ಹೊಡೆಸುತ್ತಿದ್ದಾರೆ. ಹೋದ ವಾರ ಹಸಿ ಪುಟ್ಟಿಯ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಸಿರಾದ ಆ ಮೇಸ್ತ್ರಿ ನೆನಪಾದರು. ಅವರನ್ನು ನಾನು ಕಂಡದ್ದು ಎರಡೇ ದಿನ...

ಆರು ವರ್ಷದ ಹಿಂದೆ, ನನಗೆ ಮಧುಗಿರಿಯ ಶಾಲೆಗೆ ವರ್ಗವಾದಾಗ, ಮಿಡಿಗೇಶಿಯಿಂದ ಅಮ್ಮನನ್ನೂ ಕರೆದುಕೊಂಡು ಬಂದೆ. ಬಾಡಿಗೆ ಮನೆಯ ಉದ್ದನೆಯ ಪಡಸಾಲೆಯನ್ನು ಓನರು ಜಿಪ್ಸಂ ಬೋರ್ಡಿನ ಗೋಡೆಯಿಂದ ಎರಡು ಮಾಡಿದ್ದರು. ಒಳಗಿನ ಭಾಗ ಅಮ್ಮನ ರೂಮಾಯಿತು. ಒಂದು ಬೆಳಿಗ್ಗೆ ನೋಡಿದರೆ, ಮಂಚದ ತಲೆದೆಸೆಯ ಗೋಡೆ ತಟ್ಟೆಯಗಲ ಉಬ್ಬಿತ್ತು. ನಾಲ್ಕು ದಿನಕ್ಕೆ ಅದು ಮೊರದಗಲವಾಯಿತು.

ಬೇರೆಯವರಿಗಾದರೆ ಇದೊಂದು ಸಣ್ಣ ರಿಪೇರಿ. ಅಮ್ಮನಿಗೆ ಹಾಗಲ್ಲ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ, ಮೂರು ದಿನದ ಜಡಿಮಳೆಗೆ ನಮ್ಮ ಹಳೆಯ ಮನೆಯ ಮಣ್ಣಿನ ಗೋಡೆ ಹೀಗೆಯೇ ಹೊಟ್ಟೆ ಬಂದಿತ್ತು. ನಾಳೆ ಮರದ ಊರೆ ಕೊಟ್ಟರಾಯಿತು ಅಂದಿದ್ದರು ಅಪ್ಪ. ಮಾರನೇ ದಿನ ಊಟದ ಹೊತ್ತಿಗೆ ಗೋಡೆ ಜರಿಯಿತು. ಅಮ್ಮ ನನ್ನನ್ನು ಬಾಗಿಲಾಚೆಗೆ ನೂಕಿದಳು. ಅವಳ ಬಲಗಾಲು ಮಣ್ಣಿನಡಿ ಸಿಕ್ಕಿತು... ಆವತ್ತಿನಿಂದ ಅವಳು ಕುಂಟುತ್ತಲೇ ನಡೆಯುತ್ತಾಳೆ.

“ನಾನಿಲ್ಲಿ ಮಲಗಾಕಿಲ್ಲ ಕಣಮ್ಮ. ಅವತ್ತೂ ಇಂಗೇ ಇತ್ತು,” ಅಂದವಳೇ ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡಳು. ನೆಲದ ತಂಡಿಗೆ ಅವಳ ಕಾಲು ಊದಿಕೊಂಡಿತು. ಊರಿಗೆ ಕಳಿಸಿಬಿಡು ಎಂದು ದಿನಾ ಹಟ. ಮಿಡಿಗೇಶಿಯಲ್ಲಿ ಅವಳನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ.

ಶಾಲೆಯ ಅಡುಗೆಯಾಕೆ ಹೇಳಿ ಕಳಿಸಿದ್ದಕ್ಕೆ ಸಿರಾದಿಂದ ಆ ಮೇಸ್ತ್ರಿ ಬಂದರು. ಬಿಳಿ ಗಡ್ಡ, ಭುಜದ ಮೇಲೊಂದು ಚೌಕುಳಿ ಟವೆಲು. ಬೆರಳ ಗೆಣ್ಣಿನಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟಿ ಕೇಳಿಸಿಕೊಂಡರು. ಹಿಂದಿರುವ ತಗಡಿನ ಪಟ್ಟಿ ತಿರುಚಿಕೊಂಡು ಬೋರ್ಡನ್ನು ಮುಂದಕ್ಕೆ ನೂಕಿದೆ, ನೀರಿನ ಪಸೆಯಿಲ್ಲ ಎಂದರು. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅವಳು ಯಾಕೆ ಒಳಗೆ ಬರುತ್ತಿಲ್ಲವೆಂದು ಅವರು ಕೇಳಿದರು. ನಾನು ಹಳೆಯದನ್ನೆಲ್ಲ ಹೇಳಿದೆ. ನಗುತ್ತಾರೇನೋ ಅಂದುಕೊಂಡಿದ್ದೆ, ನಗಲಿಲ್ಲ.

ಮಂಚವನ್ನು ಪಕ್ಕಕ್ಕೆ ಸರಿಸಿ, ಉಬ್ಬಿದ ಭಾಗವನ್ನು ಚೌಕವಾಗಿ ಕೊಯ್ದು, ಆ ತುಂಡನ್ನು ತಂದು ಅಮ್ಮನ ಕೈಗಿಟ್ಟರು.

“ತೂಕ ನೋಡಮ್ಮ. ಇದು ಮಣ್ಣಲ್ಲ, ಸುಣ್ಣದ ಪುಡಿ, ಕಾಗದ. ಮುರಿದ್ರೂ ಅವತ್ತಿನಂಗೆ ಆಗಾಕಿಲ್ಲ.”

ಅಮ್ಮ ಅದನ್ನು ಎರಡೂ ಕೈಯಲ್ಲಿ ತೂಗಿ ನೋಡಿದಳು.

ಅವರು ಪಟ್ಟಿಯನ್ನು ನೆಟ್ಟಗೆ ಮಾಡಿ, ಹೊಸ ತುಂಡು ಕೂರಿಸಿ, ಸ್ಕ್ರೂ ಬಿಗಿದು, ಸಂದಿಗೆ ಕಾಗದದ ಟೇಪು ಅಂಟಿಸಿ ಪುಟ್ಟಿ ಬಳಿದರು. ಒಣಗಲಿ ಎಂದು ಹೋದವರು ಮರುದಿನ ಬಂದು ಉಜ್ಜಿ ನಯ ಮಾಡಿದರು. ಅಂಗೈ ಆಡಿಸಿದರೆ ಗಾಯ ಎಲ್ಲಿತ್ತೆಂದು ತಿಳಿಯದು. ಆದರೂ ಅಮ್ಮ ಹೊಸಲು ದಾಟಲಿಲ್ಲ.

ಮಧ್ಯಾಹ್ನ ನಮ್ಮಲ್ಲೇ ಮುದ್ದೆ ಉಂಡರು. ಕೈ ತೊಳೆದು ಬಂದು, ಆ ಗೋಡೆಯ ಬುಡಕ್ಕೇ ಟವೆಲು ಹಾಸಿದರು.

“ನಾನು ಒಂದು ಗಳಿಗೆ ಮಲಗ್ತೀನಿ. ನೀನು ಇಲ್ಲೇ ಕುಂತು ಗೋಡೆ ನೋಡ್ತಿರಮ್ಮ.”

ಗೋಡೆಗೆ ತಲೆ ತಾಗಿಸಿ ಮಲಗಿದರು. ಸ್ವಲ್ಪ ಹೊತ್ತಿಗೇ ಗೊರಕೆ ಶುರುವಾಯಿತು. ಅಮ್ಮ ಹೊಸಲ ಮೇಲೆ ಕೂತು ಒಮ್ಮೆ ಗೋಡೆಯನ್ನು, ಒಮ್ಮೆ ಅವರನ್ನು ನೋಡುತ್ತಿದ್ದಳು. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಅವಳು ಒಳಗೆ ಹೋಗಿ ಮಂಚದ ಮೇಲೆ ಕೂತು, ಅವರಿಗೆ ಬೀಸಣಿಗೆ ಬೀಸುತ್ತಿದ್ದಳು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಎದೆಯ ಮೇಲಿಂದ ಏನೋ ಇಳಿದ ಹಾಗಿತ್ತು... ಆವತ್ತಿನಿಂದ ಅಮ್ಮ ಅಲ್ಲೇ ಮಲಗುತ್ತಾಳೆ.

ಮೊನ್ನೆ ಅವರ ನಂಬರಿಗೆ ಫೋನು ಮಾಡಿದೆ. ಅಡುಗೆಮನೆಯಲ್ಲೊಂದು ರಿಪೇರಿ ತೋರಿಸಬೇಕಿತ್ತು, ಒಮ್ಮೆ ಮಾತಾಡಲೂಬೇಕಿತ್ತು. ಎತ್ತಿದವಳು ಅವರ ಮಗಳು. ನಮ್ಮ ಅಬ್ಬಾ ತೀರಿಕೊಂಡು ಎಂಟು ತಿಂಗಳಾಯಿತು ಎಂದಳು. ಅವರು ನಮ್ಮ ಮನೆಗೆ ಬಂದಿದ್ದರು ಎಂದಷ್ಟೇ ಹೇಳಿದೆ.

ಅಮ್ಮನಿಗೆ ತಿಳಿಸಿದೆ. ಕಾಲುನೋವೆಂದು ಬಸ್ಸು ಹತ್ತುವುದನ್ನೇ ಬಿಟ್ಟವಳು, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು:

“ಸಿರಾಕ್ಕೆ ಬಸ್ಸು ಎಷ್ಟೊತ್ತಿಗೈತಮ್ಮ?”