ಉರಿಯುವ ಬಲ್ಬು ಹಿಡಿದ ಹೊಳಿಯಪ್ಪ

ಬ್ಯಾಡಗಿಯ ಸ್ಟೇಷನ್ ರಸ್ತೆಯಲ್ಲಿ ಎಲೆಕ್ಟ್ರಿಕ್ ಅಂಗಡಿ ಇಟ್ಟಿರುವ ಹೊಳಿಯಪ್ಪ ಉರಿಯುವ ಬಲ್ಬನ್ನು ಮುಷ್ಟಿಯಲ್ಲಿ ಹಿಡಿಯುತ್ತಾನೆ ಎಂಬ ಸುದ್ದಿ, ಹಾವೇರಿಯ ಕೋರ್ಟಿನ ಮುಂದಿನ ಚಹಾದಂಗಡಿ ಮುಟ್ಟುವ ಹೊತ್ತಿಗೆ, ಅವನು ಸಿಡಿಲನ್ನೇ ಹಿಡಿದು ಜೇಬಿಗೆ ಹಾಕಿಕೊಳ್ಳುತ್ತಾನೆ ಎಂದಾಗಿತ್ತು. ಅವನ ಹೆಸರು ಕೇಳಿದರೆ ರಾಣೆಬೆನ್ನೂರಿನ ಹೋಲ್‌ಸೇಲ್ ವ್ಯಾಪಾರಿಗಳು ಕುರ್ಚಿಯಲ್ಲಿ ನೆಟ್ಟಗಾಗುತ್ತಿದ್ದರು. ಹೊಳೆದಂಡೆಯ ಐರಣಿಯಲ್ಲಿ ಹುಟ್ಟಿದವನಾದ್ದರಿಂದ ತುಂಗಭದ್ರೆಯ ತಂಪು ಅವನ ಅಂಗೈಯಲ್ಲಿ ಇನ್ನೂ ಉಳಿದಿದೆ ಎಂದು ವಾದಿಸುವ ವಿದ್ವಾಂಸರೂ ಇದ್ದರು.

ನಡೆಯುತ್ತಿದ್ದುದು ಇಷ್ಟೇ. ಕಡಿಮೆ ಬೆಲೆಯ ಎಲ್‌ಇಡಿ ಬಲ್ಬುಗಳ ಹೊಸ ಡಬ್ಬಿ ಬಂದರೆ ಹೊಳಿಯಪ್ಪ ಅದರಿಂದ ಒಂದನ್ನು ತೆಗೆದು, ಗಲ್ಲಾಪೆಟ್ಟಿಗೆಯ ಪಕ್ಕದ ಹೋಲ್ಡರಿಗೆ ಸಿಕ್ಕಿಸಿ, ಹಚ್ಚಿ, ಅದರ ಕುತ್ತಿಗೆಯ ಸುತ್ತ ಮುಷ್ಟಿ ಬಿಗಿದು ನಿಲ್ಲುತ್ತಿದ್ದ. ಕೈ ತಾನಾಗಿ ಹಿಂದೆ ಸರಿದರೆ ಆ ಡಬ್ಬಿ ಕೆಟ್ಟದ್ದು. ಬಿಸಿಯಾಗುವ ಬಲ್ಬು ಒಳಗೊಳಗೇ ಬೆಂದು ಬೇಗ ಸಾಯುತ್ತದೆ. ಕೈ ಉಳಿದರೆ ಒಳ್ಳೆಯದು. ಹಿಡಿದಿರುವಷ್ಟು ಹೊತ್ತೂ ಅವನು ಎದುರಿನ ಖಾಲಿ ಗೋಡೆ ನೋಡುತ್ತಿದ್ದ. ಗಿರಾಕಿಗಳು ದನಿ ತಗ್ಗಿಸುತ್ತಿದ್ದರು. ಕರ್ಜಗಿಯಿಂದ ಬಂದ ಮುದುಕನೊಬ್ಬ ಚಪ್ಪಲಿಯನ್ನೂ ಹೊರಗೆ ಬಿಟ್ಟಿದ್ದನಂತೆ.

ಹೆಂಡತಿ ಜಯವ್ವ ತೀರಿಹೋದ ಮೇಲೆ ಆ ನೋಟ ಗೋಡೆಯನ್ನೂ ದಾಟಿತ್ತು. ಹೊಳಿಯಪ್ಪ ಅಳಲಿಲ್ಲ. ಅವಳ ಉತ್ತರಕ್ರಿಯೆ ಮುಗಿದ ಮರುದಿನ ಅಂಗಡಿ ತೆರೆದ. ಅಂದಿನಿಂದ ಯಾರು ಏನೆಂದರೂ 'ಆತು' ಎನ್ನುತ್ತಿದ್ದ. ಬೆಲೆ ಇಳಿಸು ಎಂದರೂ ಆತು, ನಾಳೆ ಕೊಡುತ್ತೇನೆ ಎಂದರೂ ಆತು. ಊಟದ ಡಬ್ಬಿ ಎಷ್ಟೋ ಸಲ ಬಿಚ್ಚದೆಯೇ ಮನೆಗೆ ಮರಳುತ್ತಿತ್ತು. ಊರು ಇದನ್ನೂ ಅವನ ತಪಸ್ಸಿಗೇ ಜಮಾ ಮಾಡಿತು.

ಇಂಥ ಮಹಾಪುರುಷನ ಬಾಗಿಲಿಗೆ ಬಸವಣ್ಣೆವ್ವ ಬಂದಳು. ದಲಾಲಿ ನಿಜಲಿಂಗಪ್ಪನ ಗೋದಾಮಿನಲ್ಲಿ ಮೆಣಸಿನಕಾಯಿ ಆರಿಸುವ ಹೆಂಗಸರಿಗೆ ಅವಳೇ ಮುಂದಾಳು. ಚೀಲಗಳು ಕಿಟಕಿ ಮುಚ್ಚುವಷ್ಟು ಏರಿದ್ದರಿಂದ ಅಲ್ಲಿ ಹಗಲಿಗೂ ಬಲ್ಬೇ ಗತಿ. ಕೆಂಪು ಕಾಯಿಯೊಳಗೆ ಬಣ್ಣ ಮಾಸಿದ ಕಾಯಿಗಳು ಬೆರೆತು ಹೋಗುತ್ತಿವೆ ಎಂದು ಖರೀದಿದಾರರು ತಕರಾರು ತೆಗೆದಿದ್ದರು. ಇನ್ನೊಮ್ಮೆ ಹೀಗಾದರೆ ನಿನ್ನ ಗುಂಪನ್ನು ಬಿಡಿಸಿ ಬೇರೆ ಊರಿನವರನ್ನು ಕರೆಸುತ್ತೇನೆ ಎಂದು ನಿಜಲಿಂಗಪ್ಪ ಹೇಳಿಬಿಟ್ಟಿದ್ದ. ತಪ್ಪು ಕಣ್ಣಿನದಲ್ಲ, ಹಳೆಯ ಮಂಕು ಬಲ್ಬಿನದು ಎಂದು ಬಸವಣ್ಣೆವ್ವ ವಾದಿಸಿ, ಅವನಿಂದಲೇ ಹೊಸ ಬಲ್ಬು ಮಂಜೂರು ಮಾಡಿಸಿಕೊಂಡಿದ್ದಳು.

ಹೊಳಿಯಪ್ಪ ಆತು ಎಂದ. ಅಂಗಡಿಯಲ್ಲೇ ಅತ್ಯಂತ ತಣ್ಣಗಿನ ಬಲ್ಬುಗಳನ್ನು ಆರಿಸಿ ಕೊಟ್ಟ. ಹೆಂಗಸರು ಅವಕ್ಕೆ ವಿಭೂತಿ ಹಚ್ಚಿ, ತೆಂಗಿನಕಾಯಿ ಒಡೆದು, ಸ್ವಿಚ್ ಒತ್ತಿದರು. ಗೋದಾಮು ನಡುಹಗಲಿನಂತೆ ಬೆಳಗಿತು. ಆರಿಸಿದ ಮೊದಲ ರಾಶಿಯನ್ನು ಬಿಸಿಲಿಗೆ ತಂದು ನೋಡಿದರೆ, ಹಿಂದೆಂದೂ ಇಲ್ಲದಷ್ಟು ಬೆರಕೆ.

ಬಸವಣ್ಣೆವ್ವ ಕೂಗಾಡಲಿಲ್ಲ. ಸೆರಗಿನಲ್ಲಿ ಕಾಯಿ ಕಟ್ಟಿಕೊಂಡು ಬಂದು ಗಲ್ಲಾಪೆಟ್ಟಿಗೆಯ ಮೇಲೆ, ಅದೇ ಜಾತಿಯ ಬಲ್ಬಿನ ಕೆಳಗೆ ಸುರಿದಳು.

"ಇದರಾಗ ಕೆಂಪು ಯಾವ, ಮಾಸಿದ್ದು ಯಾವ, ನೀನ ಆರಿಸು ಹೊಳಿಯಣ್ಣ."

ಅವನು ಆರಿಸಿದ. ಕೆಂಪೆಂದು ತೆಗೆದ ಕಾಯಿಗಳನ್ನು ಅವಳು ಬೀದಿಯ ಬಿಸಿಲಿಗೆ ಹಿಡಿದಳು, ಅರ್ಧಕ್ಕರ್ಧ ಮಾಸಿದವೇ ಆಗಿದ್ದವು. ಆ ಬೆಳಕಿನಲ್ಲಿ ಒಳ್ಳೆಯ ಕೆಂಪೂ ಕಂದಾಗಿ, ಎರಡೂ ಒಂದೇ ಮನೆತನದವರಂತೆ ಕಾಣುತ್ತಿದ್ದವು. ಮೆಣಸಿನಕಾಯಿಯ ಬಣ್ಣದಿಂದ ಅನ್ನ ಉಣ್ಣುವ ಊರಿನಲ್ಲಿ, ಬಲ್ಬಿನ ಕೆಳಗೆ ಒಂದು ಕಾಯಿ ಹಿಡಿದು ನೋಡಬೇಕೆಂದು ಮಹಾಪುರುಷನಿಗೂ ಹೊಳೆದಿರಲಿಲ್ಲ, ಅವನ ಭಕ್ತರಿಗೂ ಹೊಳೆದಿರಲಿಲ್ಲ. ಅಲ್ಲಿದ್ದ ಗಿರಾಕಿಗಳು ಫ್ಯಾನಿನ ರೆಕ್ಕೆ ಎಣಿಸತೊಡಗಿದರು.

"ನಿನ್ನ ಕೈಗೇನೋ ತಂಪಾತು," ಎಂದಳು ಬಸವಣ್ಣೆವ್ವ. "ಕಲ್ಲು ಬಿದ್ದಿದ್ದು ನಮ್ಮ ಹೊಟ್ಟಿ ಮ್ಯಾಲೆ."

ಹೊಳಿಯಪ್ಪನ ಮುಖದಲ್ಲಿ ಏನೂ ಆಗಲಿಲ್ಲ. ಅವಮಾನವೂ ಬಾಗಿಲ ತನಕ ಬಂದು ಯಾರೂ ಇಲ್ಲವೆಂದು ತಿರುಗಿ ಹೋದಂತಿತ್ತು. ಎದ್ದು, ಅಂಗಡಿಯಲ್ಲಿದ್ದ ಅಷ್ಟೂ ಜಾತಿಯ ಡಬ್ಬಿಗಳನ್ನು ಬೈಕಿಗೇರಿಸಿ, ಅದನ್ನು ತಳ್ಳಿಕೊಂಡು ಅವಳ ಹಿಂದೆ ಗೋದಾಮಿಗೆ ನಡೆದ.

ಅಲ್ಲಿ ನಿಜಲಿಂಗಪ್ಪ ಕುರ್ಚಿ ಹಾಕಿಸಿಕೊಂಡು ಕೂತ.

"ಏನಪಾ, ಸಿಡಿಲು ಹಿಡಿಯಾಂವ, ಒಂದು ಮೆಣಸಿನಕಾಯಿ ಹಿಡಿಯಾಕ ಆಗಲಿಲ್ಲೇನು?"

ಹೆಂಗಸರು ಸೆರಗಿನೊಳಗೆ ನಕ್ಕರು. ಹೊಳಿಯಪ್ಪ ಒಂದೊಂದೇ ಬಲ್ಬು ಹಚ್ಚಿದ. ಪ್ರತಿ ಬಲ್ಬಿಗೂ ಬಸವಣ್ಣೆವ್ವ ಒಂದು ಮೊರ ಕಾಯಿ ಆರಿಸಿ ಬಾಗಿಲ ಬಿಸಿಲಿಗೆ ಒಯ್ದಳು. ಪ್ರತಿ ಸಲವೂ ನಿಜಲಿಂಗಪ್ಪ ಮಾಸಿದ ಕಾಯಿಯೊಂದನ್ನು ಎತ್ತಿ, ಹೆಣ್ಣು ನೋಡಲು ಬಂದವರಂತೆ ತಲೆ ಅಲ್ಲಾಡಿಸಿದ.

ಕೊನೆಗೆ ಉಳಿದದ್ದು ಧೂಳು ಹಿಡಿದ ಒಂದೇ ಡಬ್ಬಿ. ಬಿಸಿಯಾಗುತ್ತದೆಂದು ಹೊಳಿಯಪ್ಪ ಹಿಂದೆಯೇ ತಿರಸ್ಕರಿಸಿ, ಮೇಲೆ ಸೀಮೆಸುಣ್ಣದಲ್ಲಿ 'ವಾಪಸ್' ಎಂದು ಬರೆದಿಟ್ಟಿದ್ದ ಡಬ್ಬಿ. ಅದರ ಬಲ್ಬು ಹತ್ತಿದಾಗ ಹೆಂಗಸರು ಮೊರದತ್ತ ಬಾಗಿದರು. ಮೊರದಲ್ಲಿ ಕೆಂಪು ಕೆಂಪಾಗಿಯೇ ಎದ್ದು ಕಂಡಿತು. ಮಾಸಿದ್ದು ಬೇರೆಯಾಗಿ ಬಿದ್ದಿತ್ತು. ಬಸವಣ್ಣೆವ್ವ ಸರಸರನೆ ಆರಿಸಿದಳು. ನಿಜಲಿಂಗಪ್ಪ ಬಿಸಿಲಿನಲ್ಲಿ ಕಾಯಿಗಳನ್ನು ಮಗುಚಿ ಮಗುಚಿ ನೋಡಿದ. ತಪ್ಪೊಂದೂ ಸಿಗದೆ ತುಸು ನಿರಾಶನಾದ.

"ಇದು ಎಷ್ಟು ದಿನ ತಾಳತೈತಿ?"

"ಸೀಜನ್ ಮುಗಿಯೂತನಾ ತಾಳಿದ್ರ ದೊಡ್ಡದು."

"ನನಗ ಅಷ್ಟ ಸಾಕು," ಎಂದ ನಿಜಲಿಂಗಪ್ಪ. "ಬಸವಣ್ಣೆವ್ವ, ನಿನ್ನ ಮಂದಿನ ಇರ್ಲಿ."

ಅವಳು ಮೊರ ಕೆಳಗಿಟ್ಟು ಚೀಲದ ಮೇಲೆ ಕೂತಳು. ಆದರೆ ಹೆಂಗಸರಲ್ಲಿ ಆಗಲೇ ಗುಸುಗುಸು ಎದ್ದಿತ್ತು: ಬೇಡವೆಂದ ಡಬ್ಬಿಯನ್ನು ಇಷ್ಟು ತಿಂಗಳು ಕಾದಿಟ್ಟವನಿಗೆ ಈ ದಿನ ಬರುತ್ತದೆಂದು ಮೊದಲೇ ಗೊತ್ತಿರಲೇಬೇಕು. ಒಬ್ಬಳು ಕೈಯನ್ನೂ ಮುಗಿದಳು. ಬಸವಣ್ಣೆವ್ವ ಕಣ್ಣೊರೆಸಿಕೊಂಡು ಎಲ್ಲರ ಪರವಾಗಿ ಕೇಳಿದಳು:

"ಹೊಳಿಯಣ್ಣ, ಖರೇ ಹೇಳು. ಇದನ್ನ ವಾಪಸ್ ಕಳಸದ ಯಾಕ ಇಟ್ಕೊಂಡಿದ್ದಿ?"

ಹೊಳಿಯಪ್ಪ ವೈರು ಸುತ್ತುತ್ತಲೇ ಹೇಳಿದ:

"ಕಳಸಬೇಕಂದ್ರ ಡಬ್ಬಿಗೆ ದಾರ ಕಟ್ಟಬೇಕಾಗಿತ್ತವ್ವಾ. ಬ್ಯಾಸರಾತು."